ಚಿತ್ತೆ ಮಳೆಯ ರಾತ್ರಿ, ನೇತ್ರಾಣಿಯ ಆಚೆ

ಲಂಗರು ಏಳಲಿಲ್ಲ.

ಮೂವರೂ ಹಗ್ಗಕ್ಕೆ ಜೋತುಬಿದ್ದು ಎಳೆದೆವು. ದೋಣಿಯ ಮೂತಿ ಬಾಗಿತೇ ಹೊರತು ತಳದ ಕಲ್ಲು ಹಿಡಿದದ್ದನ್ನು ಬಿಡಲಿಲ್ಲ. ಮೂಡಣದಲ್ಲಿ ಘಟ್ಟದ ಮೇಲೆ ಎದ್ದ ಮೋಡ ಆಗಲೇ ಅರ್ಧ ಆಕಾಶ ನುಂಗಿತ್ತು. ಅದರ ಬುಡದಲ್ಲಿ, ನೀರಿನ ಮೇಲೆ, ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ. ಆ ಗೆರೆ ನಮ್ಮ ಕಡೆಗೇ ಬರುತ್ತಿತ್ತು. ತಾಂಡೇಲರು ಹಗ್ಗ ಬಿಟ್ಟು ನನ್ನತ್ತ ತಿರುಗಿದರು.

"ಮಾಸ್ತರ್ರೆ, ಲಂಗರಿನ ಬಳೆಗೆ ಕಟ್ಟಿದ್ದ ಹುರಿ ಎಂತ ಆಯ್ತು?"

ನನ್ನ ಕೈಕಾಲು ತಣ್ಣಗಾದವು. ಆ ಹುರಿಯನ್ನು ಬೆಳಗಿನ ಜಾವ ಬಿಚ್ಚಿ ಎಸೆದವನು ನಾನೇ.

ನಾನು ಹಿರೇಕೆರೂರು ತಾಲ್ಲೂಕಿನ ಅಬಲೂರಿನವನು. ಸೋಮೇಶ್ವರ ಗುಡಿಯ ಊರು. ಏಕಾಂತದ ರಾಮಯ್ಯ ತಲೆ ಅರಿದುಕೊಟ್ಟು ಮರಳಿ ಪಡೆದ ಕಥೆಯನ್ನು ನಮ್ಮಲ್ಲಿ ಶಿಲ್ಪದಲ್ಲೂ ಶಾಸನದಲ್ಲೂ ಕೊರೆದಿಟ್ಟಿದ್ದಾರೆ. ಸರ್ವಜ್ಞ ನಮ್ಮೂರವನೇ ಎಂದು ಎದೆತಟ್ಟಿ ಹೇಳಿಕೊಳ್ಳುವ ಜನ ನಾವು. ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಸೀಮೆ. ನೀರು ಎಂದರೆ ಮದಗದ ಕೆರೆ. ಮೀನು ಎಂದರೆ ಎರೆಹುಳು ಚುಚ್ಚಿದ ಗಾಳಕ್ಕೆ ಬರುವ ಕೊರವ. ಪ್ರಾಥಮಿಕ ಶಾಲೆಯ ನೌಕರಿ ಸಿಕ್ಕಿ ಜೋಗದ ಮೇಲೆ ಘಟ್ಟ ಇಳಿದು ಭಟ್ಕಳ ತಾಲ್ಲೂಕಿಗೆ ಬರುವ ತನಕ ನಾನು ಕಡಲನ್ನು ನೋಡಿದ್ದು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ. ಬಂದ ಮೇಲೆ ಮಾತ್ರ ಅದರ ಹುಚ್ಚು ಹಿಡಿಯಿತು. ಮುರುಡೇಶ್ವರದ ದಂಡೆಯಲ್ಲಿ ಸಂಜೆ ನಿಂತರೆ ಪಡುವಣ ದಿಗಂತದಲ್ಲಿ ಒಂದು ಮಸಕು ಗುಡ್ಡ ಕಾಣುತ್ತದಲ್ಲ, ಅದೇ ನೇತ್ರಾಣಿ. ದಂಡೆಯಿಂದ ಸುಮಾರು 19 ಕಿಲೋಮೀಟರ್. ಮನುಷ್ಯರ ವಾಸವಿಲ್ಲ. ಹಿಂದಿನವರ ನಕ್ಷೆಗಳಲ್ಲಿ ಅದಕ್ಕೆ ಪಾರಿವಾಳದ ದ್ವೀಪ ಎಂಬ ಹೆಸರು. ಕರ್ನಾಟಕದ ಕರಾವಳಿಯಲ್ಲಿ ಹವಳ ಬೆಳೆದ ಜಾಗ ಬೆರಳೆಣಿಕೆ, ಅದರಲ್ಲಿ ಇದು ಮುಖ್ಯವಾದದ್ದು. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಗಾಗಿ ನೀರಿಗಿಳಿದದ್ದು ಇಲ್ಲಿಯೇ. 2022ರಲ್ಲಿ ಆ ಚಿತ್ರ ಬಂದಾಗ ನನ್ನ ಶಾಲೆಯ ಮಕ್ಕಳು "ನಮ್ಮ ನೇತ್ರಾಣಿ, ನಮ್ಮ ನೇತ್ರಾಣಿ" ಎಂದು ಕುಣಿದಿದ್ದರು.

ಆ ಮಕ್ಕಳಲ್ಲಿ ಒಬ್ಬನ ಅಜ್ಜ ಈ ತಾಂಡೇಲರು. ದೋಣಿಯ ಯಜಮಾನಿಕೆ ನಡೆಸುವವನನ್ನು ಉತ್ತರ ಕನ್ನಡದ ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರೆ. ಅರವತ್ತು ದಾಟಿದ ವಯಸ್ಸು. ಹೆಬ್ಬೆರಳು, ತೋರುಬೆರಳಿನ ನಡುವೆ ತಂಗೂಸಿ ದಾರ ಕೊರೆದು ಮಾಡಿದ ಗೀರುಗಳು ಕಪ್ಪುಗಟ್ಟಿ ಹಸ್ತರೇಖೆಗಳಲ್ಲಿ ಬೆರೆತುಹೋಗಿದ್ದವು. ಎರಡು ವರ್ಷ ದುಂಬಾಲು ಬಿದ್ದ ಮೇಲೆ, ಒಂದು ದಸರಾ ರಜೆಯಲ್ಲಿ, ಮಹಾಲಯ ಅಮಾವಾಸ್ಯೆ ಕಳೆದ ಎರಡನೇ ದಿನಕ್ಕೆ ಅವರು ನನ್ನನ್ನು ಕರೆದುಕೊಂಡು ಹೋಗಲು ಒಪ್ಪಿದರು. ಹಿಂದಿನ ರಾತ್ರಿ ಊರಿಗೆ ಫೋನು ಮಾಡಿದೆ. "ಚಿತ್ತಿ ಮಳಿ ಹೊತ್ತಪ್ಪ, ಗೋವಿನಜ್ವಾಳ ಕಣದಾಗ ಐತಿ, ಮ್ವಾಡ ನೋಡಿದ್ರ ಜೀವ ಹೊಡಕೋತೈತಿ. ನೀ ಸಮುದ್ರಕ್ಕ ಹೊಂಟಿ" ಎಂದಳು ನಮ್ಮವ್ವ. ನಾನು ನಕ್ಕು ಫೋನಿಟ್ಟೆ.

ಬೆಳಗಿನ ಜಾವ ಮೂರು ಗಂಟೆಗೆ ದೋಣಿ ನೂಕಿದೆವು. ಫೈಬರ್ ದೋಣಿ, ಹಿಂದೆ ಸೀಮೆಎಣ್ಣೆಯ ಮೋಟರು. ತಾಂಡೇಲರು ಚುಕ್ಕಾಣಿಗೆ, ಅವರ ತಂಗಿಯ ಮಗ ನಡುವೆ, ನಾನು ಮೂತಿಯಲ್ಲಿ ಲಂಗರಿನ ಪಕ್ಕ. ಕೈ ಸುಮ್ಮನಿರದ ಸ್ವಭಾವ ನನ್ನದು. ಟಾರ್ಚು ಹಾಕಿ ಲಂಗರು ನೋಡಿದೆ. ದಪ್ಪ ಹಗ್ಗವನ್ನು ಲಂಗರಿನ ಮೇಲ್ತುದಿಯ ಬಳೆಗೆ ಕಟ್ಟಿರಲಿಲ್ಲ! ಕೊಕ್ಕೆಗಳಿರುವ ಬುಡಕ್ಕೆ ಕಟ್ಟಿ, ಕಾವಿನುದ್ದಕ್ಕೆ ತಂದು, ಬಳೆಗೆ ಒಂದು ಹಳೆಯ ತೆಂಗಿನ ನಾರಿನ ಹುರಿಯಿಂದ ಬಿಗಿದಿದ್ದರು. ಹುರಿ ಸವೆದು ಎಳೆ ಎದ್ದಿತ್ತು. ಎತ್ತಿನ ಕೊರಳ ಹಗ್ಗ ಸವೆದರೆ ಬದಲಿಸು, ನೊಗದ ಮಿಣಿ ಸವೆದರೆ ಬದಲಿಸು ಎಂದು ಕಲಿತು ಬೆಳೆದವನು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ನಾರಿನ ಹುರಿ ಬಿಚ್ಚಿ ನೀರಿಗೆಸೆದು, ನೈಲಾನ್ ಹಗ್ಗವನ್ನು ನಾಲ್ಕು ಸುತ್ತು ಸುತ್ತಿ ಗಂಟು ಬಿಗಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಅನ್ನಿಸಲೇ ಇಲ್ಲ.

ಬೆಳಕು ಹರಿಯುವಾಗ ದ್ವೀಪ ಎದುರಿಗೆ ಗೋಡೆಯ ಹಾಗೆ ಎದ್ದು ನಿಂತಿತು. ನೀರಿನಿಂದ ನೆಟ್ಟಗೆ ಏರುವ ಬಂಡೆ, ತಲೆಯ ಮೇಲೆ ಕಾಡು. ಬಿಳಿಹೊಟ್ಟೆಯ ಕಡಲಹದ್ದೊಂದು ಬಂಡೆಯಂಚಿನಿಂದ ಜಿಗಿದು ನಮ್ಮ ಮೇಲೆ ಒಂದು ಸುತ್ತು ಬಂತು. ನೌಕಾಪಡೆ ಗುಂಡು ಹಾರಿಸಿ ಗುರಿ ಕಲಿತ ದ್ವೀಪವೂ ಇದೇ. ಅಷ್ಟಾದರೂ ಹದ್ದುಗಳು ಜಾಗ ಬಿಟ್ಟು ಹೋಗಿಲ್ಲ. ತಾಂಡೇಲರು ಮೋಟರು ನಿಲ್ಲಿಸಿ, ದ್ವೀಪದ ಮೇಲಿನ ಜಟ್ಟಿಗ ದೇವರಿಗೆ ಕೈಮುಗಿದು, ತೆಂಗಿನಕಾಯಿ ಒಡೆದು ಅದರ ನೀರನ್ನು ಕಡಲಿಗೆ ಚೆಲ್ಲಿದರು. ಆಮೇಲೆ ಗಾಳ ಮುಟ್ಟಿದರು.

ಅಲ್ಲಿಂದ ಮಧ್ಯಾಹ್ನದವರೆಗೆ ನಾನು ಕಲಿತದ್ದು ಯಾವ ಶಾಲೆಯಲ್ಲೂ ಕಲಿತಿಲ್ಲ.

ಹವಳದ ಬಂಡೆಯ ಮೀನು ಬಂಗಡೆ, ತಾರ್ಲೆಯ ಹಾಗೆ ಹಿಂಡು ಕಟ್ಟಿ ಊರೂರು ಅಲೆಯುವುದಿಲ್ಲ. ಒಂದೊಂದು ಪೊಟರೆಗೆ ಒಬ್ಬೊಬ್ಬ ಯಜಮಾನ. ಅವನ ಬಾಯಿಗೆ ಆಹಾರ ತಂದುಕೊಡುವುದು ನೀರಿನ ಸೆಳೆತ. ನೀರು ನಿಂತಿದ್ದರೆ ಮೀನು ಬಾಯಿ ತೆರೆಯುವುದಿಲ್ಲ. ನೀರು ಹುಚ್ಚೆದ್ದು ಓಡಿದರೆ ಸೀಸದ ಗುಂಡು ತಳ ಮುಟ್ಟುವುದಿಲ್ಲ. ಭರತ ಏರಲು ಶುರುವಾದ ಮೊದಲ ಒಂದೂವರೆ ತಾಸು, ಇಳಿತ ಶುರುವಾದ ಮೊದಲ ಒಂದೂವರೆ ತಾಸು, ಅದೇ ಹೊತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ದೊಡ್ಡದು, ಸೆಳೆತ ಜೋರು, ಹಸಿವೂ ಜೋರು. ಅಷ್ಟಮಿಯ ಹೊತ್ತಿಗೆ ನೀರು ಮಂಕು. ಭರತ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ. ಇವರು ಪಂಚಾಂಗ ನೋಡಿ ಗಡಿಯಾರದ ಲೆಕ್ಕ ಹೇಳುತ್ತಾರೆ.

ಲಂಗರು ಬಿಡುವ ಜಾಗದಲ್ಲಿಯೇ ಅರ್ಧ ವಿದ್ಯೆ. ಮೀನು ಇರುವ ಬಂಡೆಯ ಮೇಲೆ ದೋಣಿ ನಿಲ್ಲಿಸಬಾರದು. ಸೆಳೆತ ಎಲ್ಲಿಂದ ಬರುತ್ತದೋ ಆ ಕಡೆಗೆ, ಬಂಡೆಗಿಂತ ಮೇಲೆ, ಮರಳಿನಲ್ಲಿ ಲಂಗರು. ಹಗ್ಗ ಬಿಡುತ್ತ ಬಿಡುತ್ತ ಬಂಡೆಯ ಅಂಚಿಗೆ ದೋಣಿ ಇಳಿಸಬೇಕು. ಆಗ ಬೊಂಡಾಸಿನ ಚೂರು ತಾನಾಗಿ ತೇಲಿಬಂದ ಹಾಗೆ ಮೀನಿನ ಬಾಗಿಲಿಗೆ ಹೋಗುತ್ತದೆ. ಹವಳದ ಮೇಲೆ ಲಂಗರು ಎಸೆದರೆ ನೂರಾರು ವರ್ಷ ಬೆಳೆದದ್ದು ಒಂದೇ ಏಟಿಗೆ ಪುಡಿ. ಅದನ್ನು ಅವರು ಬಸಿರಿ ಹೊಟ್ಟೆಗೆ ಒದ್ದ ಹಾಗೆ ಎಂದರು. ಸೆಳೆತಕ್ಕೆ ಎದೆಕೊಟ್ಟು ನಿಂತ ಮೂಲೆಯಲ್ಲಿ ಸಣ್ಣ ಮೀನು ಮುತ್ತಿರುತ್ತದೆ, ಅದರ ಹಿಂದೆ ಕೊಕ್ಕರ್, ಇಸವಾಣ. ಇಸವಾಣಕ್ಕೆ ಗರಗಸದ ಹಲ್ಲು, ಅದಕ್ಕೆ ಗಾಳದ ತುದಿಯಲ್ಲಿ ಗೇಣುದ್ದ ಉಕ್ಕಿನ ತಂತಿ. ತಳದಲ್ಲಿ ಕೆಂಬೇರಿ. ಪೊಟರೆಯಲ್ಲಿ ಮುರು.

ಮುರುಮೀನು ಕಚ್ಚಿದ ಮೊದಲ ಎರಡು ಮಾರು ನಿನ್ನದು, ಆಮೇಲಿನದು ಅದರದು. ಇದು ತಾಂಡೇಲರ ಮಾತು. ಕಚ್ಚಿದೊಡನೆ ಹಿಂದೆಮುಂದೆ ನೋಡದೆ ಮೇಲಕ್ಕೆಳೆಯಬೇಕು. ಒಂದು ಉಸಿರು ತಡವಾದರೆ ಅದು ಪೊಟರೆ ಹೊಕ್ಕು ಕಿವಿರು ಅರಳಿಸಿ, ಮುಳ್ಳು ನಿಮಿರಿಸಿ, ಬೆಣೆ ಹೊಡೆದ ಹಾಗೆ ಸಿಕ್ಕಿಕೊಳ್ಳುತ್ತದೆ. ಆಗ ಎಳೆದವನು ದಡ್ಡ. ದಾರ ಕಲ್ಲಿಗೆ ಉಜ್ಜಿ ಕತ್ತರಿಸಿಹೋಗುತ್ತದೆ. ದಾರ ಸಡಿಲ ಬಿಟ್ಟು ಕೂರಬೇಕು. ಅಪಾಯ ಕಳೆಯಿತೆಂದು ಮೀನು ಮೈಸಡಿಲಿಸಿ ತಾನಾಗಿ ಹೊರಬರುತ್ತದೆ. ಇದೇ ಜಾತಿಯಲ್ಲಿ ಬಹುಪಾಲು ಹುಟ್ಟುವುದು ಹೆಣ್ಣಾಗಿ. ಬೆಳೆದು ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಹಾಗಾಗಿ ಒಂದು ಬಂಡೆಯ ದೊಡ್ಡ ಮುರುಗಳನ್ನೆಲ್ಲ ಹಿಡಿದು ಮುಗಿಸಿದರೆ ಉಳಿದವಕ್ಕೆ ಜೊತೆಯೇ ಇಲ್ಲ. ಅವುಗಳಲ್ಲೇ ದೈತ್ಯ ಜಾತಿಯೊಂದನ್ನು ಹಿಡಿಯುವುದು ಕಾನೂನಿನಲ್ಲಿ ಅಪರಾಧ. ಹವಳವನ್ನು ಕೀಳುವುದೂ ಅಷ್ಟೇ.

ಮಧ್ಯಾಹ್ನ ಭರತ ತುಂಬಿ ನೀರು ನಿಂತಿತು. ಅನ್ನ, ಬಂಗಡೆ ಸಾರು ಉಂಡೆವು. ಮೂರು ಗಂಟೆಗೆ ಪಕ್ಕದಲ್ಲಿದ್ದ ಎರಡು ದೋಣಿಗಳು ಮೋಟರು ಹಚ್ಚಿದವು. ಹೋಗುವಾಗ ತಾಂಡೇಲರು ಅವರಿಗೆ ಕೂಗಿ ಹೇಳಿದರು: "ನಾವು ಬಡಗಣ ಮೂಲೆಯಲ್ಲಿ ಒಂದು ಗಾಳ ಬಿಟ್ಟು ಬರ್ತೇವೆ. ಮನೆಯಲ್ಲಿ ಹೇಳಿ." ಆ ಎರಡು ವಾಕ್ಯ ನಮ್ಮ ಜೀವ ಉಳಿಸಿತೆಂದು ನಾನು ತಿಳಿದದ್ದು ಮರುದಿನ.

ಬಡಗಣ ಮೂಲೆಯಲ್ಲಿ ತಳ ಪೂರ್ತಿ ಕಲ್ಲು. ಮರಳಿನ ತೇಪೆ ಹುಡುಕಿ ಲಂಗರು ಬಿಟ್ಟರೂ ಅದು ಜಾರಿ ಬಂಡೆಗಳ ಸಂದಿಗೆ ಹೋಗಿ ಕಚ್ಚಿತು. ತಾಂಡೇಲರು ಚಿಂತೆ ಮಾಡಲಿಲ್ಲ. ಮಾಡಬೇಕಾದ್ದೇನಿತ್ತು? ಅವರ ಲೆಕ್ಕದಲ್ಲಿ ನಾರಿನ ಹುರಿ ಇತ್ತಲ್ಲ!

ನಾಲ್ಕು ಗಂಟೆಗೆ ನನ್ನ ಗಾಳಕ್ಕೆ ಬಿತ್ತು. ಕೆರೆಯ ಕೊರವ ಕಚ್ಚಿದ ಹಾಗಲ್ಲ, ಕಲ್ಲುಗುಂಡೊಂದಕ್ಕೆ ಜೀವ ಬಂದು ಕೆಳಕ್ಕೆ ನಡೆದ ಹಾಗೆ. ದಾರ ಬೆರಳು ಸೀಳಿತು. ಎರಡು ಮಾರು ನನ್ನದಾಗಬೇಕಿತ್ತು, ಆಗಲಿಲ್ಲ. ಪೊಟರೆ ಹೊಕ್ಕಿತು. ದಾರ ಸಡಿಲ ಬಿಟ್ಟು ಕೂತೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ತಾಂಡೇಲರು ಮೂಡಣಕ್ಕೆ ಕೈ ಅಡ್ಡ ಹಿಡಿದು ನೋಡಿದರು. ಘಟ್ಟದ ಮೇಲೆ ಹೂಕೋಸಿನ ಹಾಗೆ ಮೋಡ ಅರಳಿತ್ತು.

"ದಾರ ಕತ್ತರಿಸಿ ಮಾಸ್ತರ್ರೆ. ಹೋಗುವ."

"ಒಂದು ಹತ್ತು ನಿಮಿಷ ತಡೀರಿ ತಾಂಡೇಲ್ರೆ, ಈಗ ಬರ್ತದೆ."

ಮೊಮ್ಮಗನಿಗೆ ಅಕ್ಷರ ಕಲಿಸಿದವನ ಮಾತು ಎಂದು ಅವರು ಸುಮ್ಮನಾದರು. ನಾನು ಮೋಡ ನೋಡಿದೆ, ನನಗೆ ಕಂಡದ್ದು ನಮ್ಮೂರ ಮೋಡ. ಚಿತ್ತೆಯ ಮೋಡ ಕಣದ ಕಾಳು ನೆನೆಸುತ್ತದೆ, ತಾಡಪತ್ರಿ ಮುಚ್ಚಿದರೆ ಮುಗಿಯಿತು. ಘಟ್ಟದ ಮೇಲೆ ಹುಟ್ಟಿದ ಆ ಮೋಡ ಸಂಜೆಗೆ ಪಡುವಣಕ್ಕೆ ಉರುಳಿ ಕಡಲಿಗಿಳಿಯುತ್ತದೆ, ಮಳೆಗಿಂತ ಮುಂಚೆ ಅದರ ಹೊಟ್ಟೆಯ ತಣ್ಣನೆಯ ಗಾಳಿ ನೆಲಕ್ಕೆ ಬಿದ್ದು ನೀರಿನ ಮೇಲೆ ಓಡುತ್ತದೆ, ಸಣ್ಣ ದೋಣಿಯನ್ನು ದಂಡೆಯಿಂದ ಆಚೆಗೆ ದೂಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುರುಮೀನು ಹೊರಬಂತು. ಎಂಟೊಂಬತ್ತು ಕಿಲೋ ಇದ್ದೀತು. ದೋಣಿಯೊಳಗೆ ಬಿದ್ದು ಬಾಯಿ ಕಳೆದಾಗ ಗಂಟೆ ಐದು. ಅಷ್ಟರಲ್ಲಿ ಗಾಳಿ ಪೂರ್ತಿ ಬಿದ್ದುಹೋಗಿತ್ತು. ಬೆವರು ಆರಲಿಲ್ಲ. ಹಕ್ಕಿಗಳು ಬಂಡೆ ಸೇರಿದ್ದವು.

"ಲಂಗರು ಎತ್ತು!" ತಾಂಡೇಲರ ಗಂಟಲು ಬದಲಾಗಿತ್ತು.

ಆಗಲೇ ಅದು ಏಳದೆ ಹೋದದ್ದು. ಬಂಡೆಯ ಸಂದಿಗೆ ಸಿಕ್ಕ ಲಂಗರನ್ನು ಮುಂದಿನಿಂದ ಎಳೆದರೆ ಇನ್ನಷ್ಟು ಕಚ್ಚುತ್ತದೆ. ಜೋರಾಗಿ ಜಗ್ಗಿದರೆ ನಾರಿನ ಹುರಿ ಕಡಿಯಬೇಕು, ಎಳೆತ ಬುಡಕ್ಕೆ ಬಿದ್ದು ಲಂಗರು ಹಿಮ್ಮುಖವಾಗಿ ಸುಲಭಕ್ಕೆ ಕಳಚಿಬರಬೇಕು. ಅದಕ್ಕಾಗಿಯೇ ಬೇಕೆಂದೇ ಕಟ್ಟಿದ ಬಡಕಲು ಹುರಿ ಅದು. ಕಡಿಯಲೆಂದೇ ಇದ್ದದ್ದನ್ನು ಕಡಿಯದ ಹಾಗೆ ಮಾಡಿದ್ದೆ. ಹೇಳಿದೆ. ತಾಂಡೇಲರು ಬೈಯಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು, ಅಷ್ಟೇ.

ಬಿಳಿ ಗೆರೆ ಬಂದು ಬಡಿಯಿತು.

ಗಾಳಿಯಲ್ಲ ಅದು, ತಳ್ಳು. ಕೂತವನು ಮಲಗಿದೆ. ನೀರಿನ ಮೇಲ್ಪದರ ಕಿತ್ತು ಹೊಗೆಯ ಹಾಗೆ ಹಾರುತ್ತಿತ್ತು. ಎತ್ತಲೆಂದು ಗಿಡ್ಡ ಮಾಡಿದ್ದ ಹಗ್ಗ ಮೂತಿಯನ್ನು ನೀರಿಗೆ ಮೊಳೆ ಹೊಡೆದ ಹಾಗೆ ಹಿಡಿದಿತ್ತು. ಮೊದಲ ಅಲೆ ಮೂತಿ ಏರಿ ಒಳಗೆ ಬಂತು. ಎರಡನೆಯದು ನನ್ನ ಎದೆಯವರೆಗೆ. ಮೀನಿನ ಪೆಟ್ಟಿಗೆ ತೇಲಿತು, ಬೆಳಗಿನಿಂದ ಹಿಡಿದದ್ದೆಲ್ಲ ಒಂದೇ ಸಲಕ್ಕೆ ಹೊರಗೆ. ನನ್ನ ಮುರು ಹೋದದ್ದನ್ನು ನಾನು ನೋಡಲೂ ಇಲ್ಲ. "ಕಡಿ! ಹಗ್ಗ ಕಡಿ!" ಹುಡುಗನ ಕೈಯಲ್ಲಿ ಕತ್ತಿ ಮಿಂಚಿತು. ಆ ಮಿಂಚಿನಲ್ಲಿ ನನಗೆ ನಮ್ಮೂರ ಗುಡಿಯ ಕಲ್ಲಿನ ರಾಮಯ್ಯ ಯಾಕೆ ಕಂಡನೋ ಕಾಣೆ. ಒಂದು, ಎರಡು, ಮೂರನೇ ಏಟಿಗೆ ಹಗ್ಗ ಸಿಡಿಯಿತು. ಮೂತಿ ಜಿಗಿದೆದ್ದಿತು.

ತಾಂಡೇಲರ ಲೆಕ್ಕ ನೇರ. ಮೂಡುಗಾಳಿಗೆ ದ್ವೀಪವನ್ನೇ ಅಡ್ಡ ಹಿಡಿಯಬೇಕು, ಸುತ್ತಿ ಪಡುವಣ ಮಗ್ಗುಲಿನ ಮರೆ ಸೇರಬೇಕು. ಮೋಟರು ಕಿರುಚುತ್ತ ಮೂಲೆಯ ಬಂಡೆ ದಾಟಿತು. ಬಂಡೆಗೆ ಹೊಡೆದ ಅಲೆ ಮರಳಿ ಬಂದು ಎದುರಿನ ಅಲೆಗೆ ಡಿಕ್ಕಿ ಹೊಡೆದು ಕಂಬದ ಹಾಗೆ ನೆಟ್ಟಗೆ ಏಳುತ್ತಿತ್ತು. ಬಂಡೆ ಹತ್ತು ಮಾರು ದೂರ. ಅದರ ಮೈಯ ಚಿಪ್ಪುಗಳನ್ನು ಎಣಿಸಬಹುದಿತ್ತು. ದಾಟಿದೆವು. ಮರೆಗೆ ತಿರುಗಬೇಕು, ತಿರುಗಿದೆವು ಎನ್ನುವಾಗ ಹಿಂದಿನಿಂದ ಒಂದು ಅಲೆ ಮೋಟರಿನ ಮೇಲೆಯೇ ಕೂತಿತು. ಕೆಮ್ಮಿತು, ನಿಂತಿತು. ತಾಂಡೇಲರು ಹಗ್ಗ ಎಳೆದರು, ಎಳೆದರು, ನಲವತ್ತು ಸಲವಾದರೂ ಎಳೆದಿರಬೇಕು. ಮಳೆಯ ಪರದೆಯಲ್ಲಿ ದ್ವೀಪ ಕರಗಿತು.

ದೋಣಿಯಲ್ಲಿ ಎರಡು ಲೈಫ್ ಜಾಕೆಟ್ ಇದ್ದವು. ಬೆಳಗಿನಿಂದ ಅವನ್ನು ದಿಂಬಿನ ಹಾಗೆ ಕುಂಡಿಯಡಿ ಹಾಕಿಕೊಂಡು ಕೂತಿದ್ದೆವು. ಮೂವರಿಗೆ ಎರಡು. ತಾಂಡೇಲರು ಒಂದನ್ನು ನನ್ನ ಕೊರಳಿಗೆ, ಒಂದನ್ನು ಹುಡುಗನ ಕೊರಳಿಗೆ ಹಾಕಿ, ಖಾಲಿ ಸೀಮೆಎಣ್ಣೆ ಡಬ್ಬಿಯ ಬಿರಡೆ ಬಿಗಿದು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ನಾನು ಬೇಡವೆಂದೆ. "ಸುಮ್ಮನಿರಿ, ನೀರು ಹೊರಗೆ ಹಾಕಿ" ಎಂದರು.

ಮೋಟರಿಲ್ಲದ ದೋಣಿ ಅಲೆಗೆ ಅಡ್ಡ ಬೀಳುತ್ತದೆ. ಅಡ್ಡ ಬಿದ್ದರೆ ಮಗುಚುತ್ತದೆ. ಮೂತಿ ಗಾಳಿಗೆ ಮುಖ ಕೊಟ್ಟಿರಬೇಕು. ಲಂಗರಿಲ್ಲ. ತಾಂಡೇಲರು ಉಳಿದಿದ್ದ ಹಗ್ಗದ ತುದಿಗೆ ಬೀಡುಬಲೆಯ ಕಂತೆ, ಅದರೊಳಗೆ ಪ್ಲಾಸ್ಟಿಕ್ ಕ್ರೇಟು, ಒಂದು ಬಕೆಟ್ ಕಟ್ಟಿ ಮೂತಿಯಿಂದ ನೀರಿಗಿಳಿಸಿದರು. ಗಾಳಿ ದೋಣಿಯನ್ನು ದೂಡುತ್ತದೆ, ನೀರೊಳಗಿನ ಕಂತೆ ತಡೆದು ಎಳೆಯುತ್ತದೆ. ಹಗ್ಗ ಬಿಗಿಯಾಯಿತು. ಮೂತಿ ನಿಧಾನಕ್ಕೆ, ಹಟಮಾರಿ ಎತ್ತು ಕೊನೆಗೂ ಮಾತು ಕೇಳಿದ ಹಾಗೆ, ಗಾಳಿಗೆ ತಿರುಗಿತು. ಒಂದು ಕ್ರೇಟು, ಒಂದು ಬಲೆ, ಒಂದು ಬಕೆಟ್. ಆ ರಾತ್ರಿ ಮಗುಚದೆ ಉಳಿದದ್ದು ಅದರಿಂದ.

ಆಮೇಲೆ ನೀರು ಮೊಗೆದದ್ದೊಂದೇ ನೆನಪು. ಮೊಗೆ, ಚೆಲ್ಲು, ಮೊಗೆ, ಚೆಲ್ಲು. ಮಿಂಚಿದಾಗ ಮೂವರ ಮುಖ, ಆಮೇಲೆ ಕುರುಡು ಕತ್ತಲೆ. ಎಳೆಯ ಚಂದ್ರ ಮೋಡದ ಹಿಂದೆಯೇ ಮುಳುಗಿತ್ತು. ಫೋನಿನಲ್ಲಿ ಸಿಗ್ನಲ್ಲು ಬೆಳಗಿನಿಂದಲೂ ಇರಲಿಲ್ಲ, ಈಗ ಫೋನೂ ಸತ್ತಿತ್ತು. ಸುವರ್ಣ ತ್ರಿಭುಜದ ನೆನಪು ಬೇಡವೆಂದರೂ ಬಂತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಬೋಟು. 7 ಮಂದಿ. ಅವರಲ್ಲಿ ನಮ್ಮ ಉತ್ತರ ಕನ್ನಡದವರೂ ಇದ್ದರು. 2019ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡೆ ಕಡಲ ತಳದಲ್ಲಿ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿತು. ಜನ ಸಿಗಲಿಲ್ಲ. ಅದು ದೊಡ್ಡ ಬೋಟು. ನಮ್ಮದು ಒಂದು ನಾಡದೋಣಿ.

ಮಳೆ ಜೋರಾದಾಗ ತಾಂಡೇಲರು ತಾಡಪತ್ರಿ ಬಿಚ್ಚಿ ಹುಡುಗನಿಗೆ ಹಿಡಿಸಿದರು. ಮೊದಲ ನೀರು ಉಪ್ಪು, ಚೆಲ್ಲಿದರು. ಆಮೇಲಿನದನ್ನು ಕುಡಿಯುವ ನೀರಿನ ಕ್ಯಾನಿಗೆ ಇಳಿಸಿದರು. ಜೀವ ಹೋಗುವ ಹೊತ್ತಿನಲ್ಲಿ ನಾಳೆಯ ಬಾಯಾರಿಕೆಯನ್ನು ನೆನೆಯುವ ಮನುಷ್ಯ! ಅದನ್ನು ಕಂಡ ಮೇಲೆಯೇ ನನಗೆ ನಾಳೆ ಎಂಬುದು ಇರಬಹುದು ಅನ್ನಿಸಿದ್ದು.

ಹನ್ನೊಂದರ ಸುಮಾರಿಗೆ ಗಾಳಿ ಇಳಿಯಿತು. ಮೋಡ ಹರಿದು ನಕ್ಷತ್ರ ಕಂಡವು. ಬಡಗಣದಲ್ಲಿ ಧ್ರುವ ನಕ್ಷತ್ರ, ಚಾಚಿದ ಕೈಯಲ್ಲಿ ಒಂದೂವರೆ ಮುಷ್ಟಿ ಎತ್ತರ. ನಮ್ಮ ಮನೆಯ ಅಂಗಳದಲ್ಲಿ ನಿಂತರೂ ಅಷ್ಟೇ ಎತ್ತರ. ಅಬಲೂರು, ನೇತ್ರಾಣಿ ಎರಡೂ ಹೆಚ್ಚುಕಡಿಮೆ 14 ಡಿಗ್ರಿ ಅಕ್ಷಾಂಶದ ಮೇಲಿವೆ. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ ಪಾಠವದು. ಎಂದರೆ ಮೂಡಣಕ್ಕೆ ನೆಟ್ಟಗೆ ನಡೆಯಲು ಬಂದಿದ್ದರೆ ಅವ್ವನ ಕಣ ಸಿಗುತ್ತಿತ್ತು. ಅಲ್ಲಿ ಮೃಗಶಿರ ಏಳುತ್ತಿತ್ತು. ಅದನ್ನು ನೋಡುತ್ತ ನಾನು ಅತ್ತೆ. ತಾಂಡೇಲರು ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಹುಟ್ಟು ಹಾಕುವುದು ಬೇಡ. ಮೈಯ ನೀರು ಖರ್ಚಾಗ್ತದೆ. ನಾಳೆ ಮಧ್ಯಾಹ್ನ ಪಡುಗಾಳಿ ಬರ್ತದೆ, ಅದರ ಮೇಲೆ ಹೋಗುವ" ಎಂದರು.

ಬೆಳಗಾದಾಗ ಸುತ್ತ ನೀರು, ಬರೀ ನೀರು. ದಂಡೆಯ ಕಡೆ ಮಬ್ಬು. ಕ್ಯಾನಿನಿಂದ ತಾಸಿಗೊಮ್ಮೆ ಒಂದೊಂದು ಮುಚ್ಚಳ ನೀರು. ಹಲಗೆಯ ಸಂದಿಯಲ್ಲಿ ಎರಡು ಬಂಗಡೆ ಸಿಕ್ಕಿಕೊಂಡಿದ್ದವು. ಹುಡುಗ ಕೈ ಹಾಕಿದ. "ಹಸಿ ಮೀನು ತಿಂದ್ರೆ ಬಾಯಾರಿಕೆ ಹೆಚ್ಚು, ಇಡು" ಎಂದು ಗದರಿದರು. ಎಂಟು ಗಂಟೆಗೆ ಬಿಸಿಲು ಕಚ್ಚತೊಡಗಿತು. ತಾಡಪತ್ರಿಯ ಕೆಳಗೆ ಮೂವರೂ ಕಾಲು ಮಡಚಿ ಮಲಗಿದೆವು. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಆಗ ಏನು ಮಾಡಿದರೂ ದಂಡೆ ದೂರವೇ. ಕಾಯಬೇಕು. ಪೊಟರೆ ಹೊಕ್ಕ ಮುರುಮೀನಿನ ದಾರ ಸಡಿಲ ಬಿಟ್ಟು ಕೂತ ಹಾಗೆಯೇ ಕಾದೆವು.

ನೆಲ ಕಾದು ಗಾಳಿ ತಿರುಗಿದಾಗ ಹನ್ನೆರಡೂವರೆ. ಕೆನ್ನೆಗೆ ಪಡುವಣದ ತಂಪು ತಾಗಿತು. ತಾಂಡೇಲರು ಎದ್ದು ಕೂತರು. ಎರಡು ಹುಟ್ಟುಗಳನ್ನು ನಿಲ್ಲಿಸಿ, ತಾಡಪತ್ರಿಯ ಮೂಲೆಗಳನ್ನು ತಂಗೂಸಿಯಿಂದ ಬಿಗಿದು ಹಾಯಿ ಮಾಡಿದೆವು. ಗಂಟು ಹಾಕುವ ಮುಂಚೆ ನಾನು ಪ್ರತಿಯೊಂದನ್ನೂ ಕೇಳಿ ಹಾಕಿದೆ. ನೀರೊಳಗಿನ ಕಂತೆ ಎಳೆದುಕೊಂಡೆವು. ದೋಣಿ ನಡೆಯಿತು. ನಡಿಗೆಯಷ್ಟೇ ವೇಗ, ಆದರೆ ಮೂಡಣಕ್ಕೆ!

ಎರಡು ತಾಸಿನ ಮೇಲೆ ಮಬ್ಬಿನಲ್ಲಿ ಕವುಚಿಟ್ಟ ಬುಟ್ಟಿಯಂಥ ಕಪ್ಪು ಮಚ್ಚೆ ಕಂಡಿತು. ನೇತ್ರಾಣಿ. ಹುಡುಗ ಕೂಗಿದ, ಗಂಟಲಿನಿಂದ ಸದ್ದು ಬರಲಿಲ್ಲ. ಹೊತ್ತು ಇಳಿಯುವಾಗ ದ್ವೀಪದ ಪಕ್ಕದಲ್ಲಿ ಐದಾರು ಚುಕ್ಕೆಗಳು. ಚುಕ್ಕೆಗಳಲ್ಲ, ದೋಣಿಗಳು. ಹಿಂದಿನ ದಿನ ಮೂರು ಗಂಟೆಗೆ ಹೊರಟ ಆ ಎರಡು ದೋಣಿಯವರು ಮನೆಗೆ ಸುದ್ದಿ ಮುಟ್ಟಿಸಿದ್ದರು. ರಾತ್ರಿ ನಾವು ಬಾರದಿದ್ದಾಗ ಬೆಳಗಾಗುತ್ತಲೇ ಇಡೀ ಕೇರಿ ಬಡಗಣ ಮೂಲೆಗೆ ಬಂದಿತ್ತು, ಅಲ್ಲಿಂದ ಗಾಳಿಯ ಜಾಡು ಹಿಡಿದು ಪಡುವಣಕ್ಕೆ ಹುಡುಕುತ್ತಿತ್ತು. ಒಂದು ಟ್ರಾಲ್ ಬೋಟಿನವರು ನಮ್ಮ ತಾಡಪತ್ರಿ ಕಂಡು ತಿರುಗಿದರು. ಹಗ್ಗ ಎಸೆದರು. ಹಿಡಿದ ನನ್ನ ಕೈಯನ್ನು ಬಿಡಿಸಲು ಇಬ್ಬರು ಬೇಕಾಯಿತು.

ದಂಡೆಗೆ ಬರುವಾಗ ಮುರುಡೇಶ್ವರದ ಗೋಪುರಕ್ಕೆ ದೀಪ ಹಚ್ಚಿದ್ದರು. 237 ಅಡಿಯ ಆ ಗೋಪುರವನ್ನು ನಾನು ನೂರು ಸಲ ನೋಡಿದ್ದೆ, ಆ ದಿನ ಮಾತ್ರ ಅದನ್ನು ಗುರುತಿಟ್ಟುಕೊಂಡು ದೋಣಿ ನಡೆಸುವವರ ಕಣ್ಣಿನಲ್ಲಿ ನೋಡಿದೆ. ತಾಂಡೇಲರ ಹೆಂಡತಿ ಗಂಡನನ್ನು ಮಾತಾಡಿಸುವ ಮುಂಚೆ ನನ್ನ ತಲೆಯ ಮೇಲೆ ಕೈಯಾಡಿಸಿದರು. ನಾನು ಆ ಹುರಿಯ ಕಥೆಯನ್ನು ಎಲ್ಲರೆದುರು ಹೇಳಿದೆ. ಊರಿಗೆ ಫೋನು ಮಾಡಿದೆ. "ನಿನ್ನೆ ಮೂರರ ಸುಮಾರಿಗೆ ಹೊಡೀತು ನೋಡು ಮಳಿ, ಕಾಳೆಲ್ಲ ನೆಂದಾವು" ಎಂದಳು ಅವ್ವ. ಎರಡು ತಾಸಿನ ಮೇಲೆ ನಮ್ಮನ್ನು ಬಡಿದದ್ದು ಅದೇ ಮೋಡವೋ ಬೇರೆಯೋ. ಅವ್ವನಿಗೆ ಆ ದಿನ ಏನೂ ಹೇಳಲಿಲ್ಲ.

ಒಂದು ತಿಂಗಳ ಸಂಬಳದಲ್ಲಿ ಒಂದು ಲಂಗರು, 60 ಮಾರು ಹಗ್ಗ, ಮೂರು ಲೈಫ್ ಜಾಕೆಟ್ ತಂದುಕೊಟ್ಟೆ. ಲಂಗರಿನ ಬಳೆಗೆ ನಾರಿನ ಹುರಿಯನ್ನು ತಾಂಡೇಲರು ನನ್ನ ಕೈಯಿಂದಲೇ ಕಟ್ಟಿಸಿದರು, ಒಂದೇ ಸುತ್ತು.

ಬಯಲುಸೀಮೆಯಿಂದ ರಜೆಗೆ ಕರಾವಳಿಗೆ ಬಂದು ಗಾಳ ಹಿಡಿದು ದೋಣಿ ಹತ್ತುವ ನನ್ನಂಥವರಿಗೆ ಕೈಮುಗಿದು ಕೇಳುವುದಿಷ್ಟು. ದೋಣಿಯಲ್ಲಿ ಎಷ್ಟು ತಲೆಯೋ ಅಷ್ಟು ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ, ಹತ್ತಿದ ಮೇಲೆ ಅದು ಮೈಮೇಲೆ ಇರಲಿ. ಎಲ್ಲಿಗೆ ಹೋಗುತ್ತೀರಿ, ಯಾವ ಮೂಲೆಯಲ್ಲಿರುತ್ತೀರಿ ಎಂದು ದಂಡೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ನಡುಗಡಲಿನಿಂದ ಉಪಗ್ರಹಕ್ಕೆ ಕೂಗು ಕಳಿಸುವ ಇಸ್ರೋದ ಯಂತ್ರ 2010ರಿಂದಲೇ ಇದೆ, ಸಣ್ಣ ದೋಣಿಯವರೂ ಅದನ್ನು ಕೇಳಿ ಪಡೆಯಲಿ. ಹೋದವರು ಹೊತ್ತಿಗೆ ಬಾರದಿದ್ದರೆ ದಂಡೆಯಲ್ಲಿರುವವರು ಬೆಳಗಾಗಲೆಂದು ಕಾಯಬೇಡಿ. ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಹಗಲಿರುಳು ಎತ್ತುತ್ತಾರೆ, ದುಡ್ಡು ತಗಲುವುದಿಲ್ಲ.